ಒಂದು ಬೆರಳು ಇಳಿದ ಸೀಟು

ಪೆಡಲ್ ತುಳಿದ ಕೂಡಲೇ ಮಂಡಿಗೆ ಗೊತ್ತಾಯಿತು. ಸೀಟು ಕೆಳಗಿತ್ತು. ತುಂಬಾ ಅಲ್ಲ, ಒಂದು ಬೆರಳಿನಷ್ಟು. ಮುಕ್ಕಾಲು ಗಂಟೆ ಬಸ್ಸಿನಲ್ಲಿ ನಿಂತು ಬಂದ ಕಾಲುಗಳು, ದಣಿವಿಗೆ ಹಾಗನ್ನಿಸಿರಬಹುದು ಎಂದುಕೊಂಡು ಮನೆಯವರೆಗೆ ತುಳಿದೆ. ಗೇಟಿನೊಳಗೆ ನಿಲ್ಲಿಸಿ ಪಕ್ಕದಲ್ಲಿ ನಿಂತು ನೋಡಿದೆ. ಸೀಟು ನನ್ನ ಸೊಂಟದ ಮೂಳೆಯ ಮಟ್ಟಕ್ಕೆ ಬರುತ್ತಿತ್ತು. ಈಗ ಅದಕ್ಕಿಂತ ಕೆಳಗೆ. ಅಥವಾ ಮೊದಲಿನಿಂದಲೂ ಅಲ್ಲೇ ಇತ್ತೋ?

ಈ 'ಅಥವಾ' ನನ್ನ ಹಳೆಯ ಕಾಯಿಲೆ. ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದುವಾಗ ನಮ್ಮ ಮೇಷ್ಟ್ರೊಬ್ಬರು ಒಂದೇ ಪಾಠವನ್ನು ಎರಡು ವರ್ಷ ಹೇಳಿದ್ದರು: ಕಣ್ಣಾರೆ ಕಂಡೆ ಅನ್ನುವವನನ್ನೂ ನಂಬಬೇಡಿ, ಹಾಗೆ ಹೇಳುವುದರಿಂದ ಅವನಿಗೇನು ಲಾಭ ಅಂತ ಮೊದಲು ನೋಡಿ. ಅದನ್ನು ಶಾಸನಗಳ ಮೇಲೆ ಪ್ರಯೋಗಿಸುವ ಯೋಗ ನನಗೆ ಬರಲಿಲ್ಲ. ಜಯನಗರದ ಒಂದು ಸಣ್ಣ ಪ್ರಕಾಶನದಲ್ಲಿ ಕರಡು ತಿದ್ದುತ್ತೇನೆ. ಆ ಪಾಠವೆಲ್ಲ ಈಗ ಹಾಲಿನ ಪ್ಯಾಕೆಟ್ಟು, ಬಸ್ಸಿನ ಬೋರ್ಡು, ನನ್ನದೇ ನೆನಪು, ಇಂಥವುಗಳ ಮೇಲೆ ಖರ್ಚಾಗುತ್ತಿದೆ.

ನಮ್ಮ ಮನೆ ಪುಟ್ಟೇನಹಳ್ಳಿ ಕೆರೆಯ ಆಚೆ, ಸಾಕಷ್ಟು ಒಳಗೆ. ಅಲ್ಲಿಂದ ಬಸ್ ನಿಲ್ದಾಣಕ್ಕೆ ನಡೆದರೆ ಇಪ್ಪತ್ತೈದು ನಿಮಿಷ. ಅಷ್ಟು ಹತ್ತಿರಕ್ಕೆ ಆಟೋದವರು ಬರುವುದಿಲ್ಲ, ಬಂದರೂ ನನ್ನನ್ನು ಏನೋ ಅಪರಾಧ ಮಾಡಿದವನಂತೆ ನೋಡುತ್ತಾರೆ. ಪೂರಾ ಜಯನಗರದವರೆಗೆ ಸೈಕಲ್ಲಿನಲ್ಲೇ ಹೋಗುವ ಸಾಹಸವನ್ನೂ ಮಾಡಿದ್ದೆ. ರಿಂಗ್ ರಸ್ತೆ ದಾಟುವಾಗ ಒಂದು ಟೆಂಪೋದ ಕನ್ನಡಿ ನನ್ನ ಮೊಣಕೈ ಸವರಿಕೊಂಡು ಹೋಯಿತು. ಅದನ್ನು ಮನೆಯಲ್ಲಿ ಹೇಳಿದ್ದು ನನ್ನ ತಪ್ಪು. ಅವತ್ತಿನಿಂದ ಹೆಂಡತಿಯ ಅಪ್ಪಣೆಯಂತೆ ಅರ್ಧ ಸೈಕಲ್ಲು, ಅರ್ಧ ಬಸ್ಸು.

ನಿಲ್ದಾಣದ ಪಕ್ಕದಲ್ಲಿ ಒಂದು ಹೊಂಗೆ ಮರ. ಅದರ ಕೆಳಗೆ ಇಸ್ತ್ರಿಯವರ ತಳ್ಳುಗಾಡಿ. ಮರಕ್ಕೂ ಗಾಡಿಗೂ ನಡುವಿನ ಸಂದಿನಲ್ಲಿ ಬೆಳಗ್ಗೆ ಒಂಬತ್ತಕ್ಕೆ ಸೈಕಲ್ ನಿಲ್ಲಿಸಿ, ಹಿಂದಿನ ಚಕ್ರದ ಬೀಗ ಒತ್ತಿ ಹೋದರೆ ಸಂಜೆ ಆರೂವರೆಗೆ ಬಂದು ತೆಗೆಯುವುದು. ಇಸ್ತ್ರಿಯವರಿಗೆ ಅರವತ್ತರ ಹತ್ತಿರ. ಈಗಲೂ ಇದ್ದಿಲಿನ ಪೆಟ್ಟಿಗೆಯಲ್ಲೇ ಕೆಲಸ. ನಮ್ಮ ಮಾತು ವರ್ಷಗಳಿಂದ ಎರಡೇ ವಾಕ್ಯ.

"ಬಸ್ ಹೋಯ್ತಾ ಅಣ್ಣ?"

"ಈಗ ತಾನೆ ಹೋಯ್ತು ಸಾರ್."

ದಿನವೂ ಹೇಗೆ ಈಗ ತಾನೆ ಹೋಗುತ್ತದೆ ಎಂದು ನನಗೆ ಅದರಲ್ಲೂ ಒಂದು ಗುಮಾನಿ. ಫೋನಿನ ಆ್ಯಪ್ ಯಾವಾಗ ನೋಡಿದರೂ ಬಸ್ಸು ಎರಡು ನಿಮಿಷದಲ್ಲಿ ಬರುತ್ತದೆ ಎನ್ನುತ್ತದೆ. ಅದಕ್ಕೇ ಒಂದು ಸಣ್ಣ ನೋಟ್‌ಬುಕ್ಕಿನಲ್ಲಿ ದಿನವೂ ಎಷ್ಟು ಹೊತ್ತು ಕಾದೆ ಅಂತ ಬರೆದಿಡುತ್ತೇನೆ. ಯಾರಿಗೆ ತೋರಿಸಲು ಅಂತ ಹೆಂಡತಿ ಕೇಳುತ್ತಾಳೆ. ಸಾಕ್ಷಿ ಇರಲಿ ಅಂತ.

ನಮ್ಮ ಮನೆಯ ಬಟ್ಟೆ ಇಸ್ತ್ರಿಯಾಗುವುದೂ ಅಲ್ಲೇ. ನನ್ನ ಶರ್ಟಿನ ಜೇಬುಗಳಲ್ಲಿ ಏನಾದರೊಂದು ಉಳಿದಿರುತ್ತದೆ: ಬಸ್ ಟಿಕೆಟ್ಟು, ಔಷಧಿ ಚೀಟಿ, ಒಮ್ಮೆ ಕನ್ನಡಕದ ಸ್ಕ್ರೂ. ಇಸ್ತ್ರಿಯವರು ಪ್ರತಿ ಶರ್ಟಿನ ಜೇಬಿಗೂ ಎರಡು ಬೆರಳು ಹಾಕಿ ನೋಡಿಯೇ ಪೆಟ್ಟಿಗೆ ಎತ್ತುವುದು. ಸಿಕ್ಕಿದ್ದನ್ನೆಲ್ಲ ಹಳೆಯ ಬಿಸ್ಕತ್ತಿನ ಡಬ್ಬಿಯಲ್ಲಿ ಹಾಕಿಟ್ಟು ಬಟ್ಟೆಯ ಜೊತೆ ವಾಪಸ್ಸು ಕೊಡುತ್ತಾರೆ. ಹರಿದ ಟಿಕೆಟ್ಟನ್ನೂ ಎಸೆಯುವುದಿಲ್ಲ. "ನಿಮಗೆ ಬೇಕಾಗಿರ್ಬೋದು, ನನಗೇನ್ ಗೊತ್ತು" ಎನ್ನುತ್ತಾರೆ. ಆ ಡಬ್ಬಿ ನೆನಪಿಡಬೇಕಾದ ವಸ್ತು. ಎಲ್ಲ ಅನುಮಾನಗಳೂ ಕೊನೆಗೆ ಅಲ್ಲಿಗೇ ಹೋದವು.

ಸೀಟನ್ನು ಸರಿಮಾಡಿಕೊಂಡೆ. ನಾಲ್ಕು ದಿನದ ಮೇಲೆ ಮತ್ತೆ ಮಂಡಿ ಹೇಳಿತು. ಮಾರನೆಯ ದಿನದಿಂದ ಬೆಳಗ್ಗೆ ಬೀಗ ಹಾಕಿದ ಮೇಲೆ ಸೈಕಲ್ಲಿನ ಫೋಟೋ ತೆಗೆಯತೊಡಗಿದೆ. ಬಸ್ಸಿನಲ್ಲಿ ಕೂತು ಹೋಲಿಸಿದರೆ ನಾನು ನಿಂತ ಜಾಗ ಬದಲಾದಂತೆ ಸೀಟೂ ಏರಿಳಿಯುತ್ತಿತ್ತು. ಆ ಫೋಟೋಗಳು ಸಾಕ್ಷಿಗೆ ಯೋಗ್ಯವಲ್ಲ. ಕೊನೆಗೆ ಕರಡು ತಿದ್ದುವ ಕೆಂಪು ಪೆನ್ನಿನಿಂದ, ಸೀಟಿನ ಕಂಬ ಚೌಕಟ್ಟಿನೊಳಗೆ ಇಳಿಯುವ ಜಾಗದಲ್ಲಿ, ಒಂದು ಸಣ್ಣ ಗೆರೆ ಎಳೆದೆ. ಗೆರೆ ಕಂಡರೆ ಸೀಟು ಸರಿಯಾಗಿದೆ. ಕಾಣದಿದ್ದರೆ ಯಾರೋ ಇಳಿಸಿದ್ದಾರೆ.

ಎರಡು ಸಂಜೆ ಗೆರೆ ಕಂಡಿತು. ಮೂರನೆಯ ಸಂಜೆ ಕಾಣಲಿಲ್ಲ.

ಬಗ್ಗಿ ನೋಡುತ್ತಿದ್ದಾಗ ಇಸ್ತ್ರಿಯವರು ಗಾಡಿಯ ಆ ಕಡೆಯಿಂದ, "ಏನ್ ಸಾರ್, ಪಂಚರ್ರಾ?" ಅಂದರು.

"ಏನಿಲ್ಲ."

"ಗಾಳಿ ಸರಿಯಿದೆ ಬಿಡಿ" ಅಂದರು, ಟೈರು ಮುಟ್ಟಿ ನೋಡದೆ. ಇವರಿಗೆ ಹೇಗೆ ಗೊತ್ತು?

ಹ್ಯಾಂಡಲ್ಲಿನ ಮೇಲೆ ತೆಳ್ಳಗೆ ಬೂದಿ. ಇದ್ದಿಲಿನ ಗಾಡಿಯ ಪಕ್ಕ ನಿಂತ ಯಾವ ವಸ್ತುವಿನ ಮೇಲಾದರೂ ಬೂದಿ ಇರುತ್ತದೆ, ಒಪ್ಪಿದೆ. ಆದರೆ ಹಿಡಿಯ ಒಳಗಡೆ, ಬೆರಳು ಮಡಚುವ ಜಾಗದಲ್ಲಿ? ಬೀಗ ಮುರಿದಿಲ್ಲ. ಅಂದರೆ ಓಡಿಸಿದವರ ಹತ್ತಿರ ಕೀ ಇದೆ. ಸೈಕಲ್ ತಂದಾಗ ಎರಡು ಕೀ ಕೊಟ್ಟಿದ್ದರು. ಒಂದು ನನ್ನ ಗೊಂಚಲಿನಲ್ಲಿದೆ. ಇನ್ನೊಂದು ಎಲ್ಲೋ ಕಳೆದುಹೋಯಿತು, ಅದು ನನಗೆ ಖಚಿತವಾಗಿ ಗೊತ್ತಿತ್ತು. ಎಲ್ಲಿ ಕಳೆದಿರಬಹುದು ಎಂದು ಯೋಚಿಸುತ್ತಿದ್ದಾಗಲೇ ಡಬ್ಬಿ ಹೊಳೆಯಿತು. ಶರ್ಟಿನ ಜೇಬು. ಎರಡು ಬೆರಳು.

ಹೆಂಡತಿಗೆ ಹೇಳಿದೆ. ಅವಳು ಹುರುಳಿಕಾಯಿ ನಾರು ತೆಗೆಯುತ್ತಿದ್ದವಳು ತಲೆ ಎತ್ತಲಿಲ್ಲ.

"ನೀವೇ ಇಳಿಸಿರ್ತೀರಿ."

"ಗೆರೆ ಎಳೆದಿದ್ದೆ ಕಣೆ."

"ಗೆರೆ ಎಳೆದಿದ್ದು ನೆನಪಿದೆ, ಇಳಿಸಿದ್ದು ನೆನಪಿಲ್ಲ ಅಷ್ಟೇ. ಹೋದ ವಾರ ಛತ್ರಿ ಬಸ್ಸಲ್ಲಿ ಹೋಯ್ತು ಅಂತ ಮನೆಯೆಲ್ಲ ಒಂದು ಮಾಡಿದ್ರಿ. ಎಲ್ಲಿತ್ತು?"

ಛತ್ರಿ ನನ್ನ ಮೊಣಕೈಯಲ್ಲೇ ನೇತಾಡುತ್ತಿತ್ತು.

"ಅನುಮಾನ ಪಡೋದು ಮಾತ್ರ ಮರೆಯಲ್ಲ ನೋಡಿ ನೀವು" ಅಂದಳು.

ನಕ್ಕುಬಿಟ್ಟೆ, ಆದರೆ ಆ ಮಾತು ಒಳಗೆ ಕೂತಿತು. ಐವತ್ತೈದು ದಾಟಿದ ಮೇಲೆ ಇಂಥವು ಹೆಚ್ಚಾಗುತ್ತಿದ್ದವು. ಅದಕ್ಕೆ ಹಿಂದಿನ ತಿಂಗಳು ಒಂದೇ ಕರಡನ್ನು ಎರಡು ಸಲ ತಿದ್ದಿದ್ದೆ. ಎರಡನೆಯ ಸಲ, ಮೊದಲ ಸಲದ ನನ್ನ ತಿದ್ದುಪಡಿಗಳನ್ನು ಬೇರೆ ಯಾರದೋ ತಪ್ಪೆಂದು ಹೊಡೆದುಹಾಕಿದ್ದೆ. ಹಾಗಾಗಿ ಸೀಟಿನ ವಿಷಯ ಸೀಟಿನದಾಗಿ ಉಳಿಯಲಿಲ್ಲ. ಒಂದೋ ಇಸ್ತ್ರಿಯವರು ಕಳ್ಳರು, ಇಲ್ಲವೇ ನನ್ನ ತಲೆ ನಂಬಲರ್ಹವಲ್ಲ. ನಿಜ ಹೇಳಬೇಕೆಂದರೆ, ಅವರು ಕಳ್ಳರಾಗಿರಲಿ ಎಂದೇ ನನ್ನ ಆಸೆಯಿತ್ತು.

ಒಂದು ಗುರುವಾರ ತಲೆನೋವೆಂದು ಹೇಳಿ ಹನ್ನೊಂದಕ್ಕೇ ಕಚೇರಿಯಿಂದ ಹೊರಟೆ. ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಮೂವತ್ತೆಂಟು ನಿಮಿಷ ಕಾದೆ. ಅಷ್ಟೂ ಹೊತ್ತು ಆ್ಯಪ್ ಎರಡು ನಿಮಿಷ ಎನ್ನುತ್ತಲೇ ಇತ್ತು. ಬಂದ ಬಸ್ಸು ಜೆ.ಪಿ. ನಗರದ ಒಳರಸ್ತೆಗಳಲ್ಲಿ ಅಗೆದ ಗುಂಡಿಗಳನ್ನೆಲ್ಲ ಸುತ್ತುಹಾಕಿಕೊಂಡು, ಪುಟ್ಟೇನಹಳ್ಳಿಗೆ ಎರಡು ನಿಲ್ದಾಣ ಇರುವಾಗ ವಾಹನಗಳ ಸಾಲಿನಲ್ಲಿ ಸಿಕ್ಕಿಕೊಂಡಿತು. ಆಗ ಎದುರಿನಿಂದ, ರಸ್ತೆಯ ಆ ಬದಿಯಲ್ಲಿ, ನನ್ನ ಸೈಕಲ್ ಬಂತು.

ಮೊದಲು ಕಂಡದ್ದು ಗಂಟು. ಬಿಳಿ ಬೆಡ್‌ಶೀಟಿನಲ್ಲಿ ಕಟ್ಟಿದ ಬಟ್ಟೆಯ ಗಂಟು, ಕ್ಯಾರಿಯರಿನ ಮೇಲೆ. ಆಮೇಲೆ ನನ್ನ ನೀಲಿ ಮಡ್‌ಗಾರ್ಡು. ಆಮೇಲೆ ಇಸ್ತ್ರಿಯವರು, ಬೆನ್ನು ನೆಟ್ಟಗೆ, ಯಾವ ಅವಸರವೂ ಇಲ್ಲದೆ.

ಬಾಗಿಲಿನತ್ತ ನುಗ್ಗಿದೆ. "ಬಾಗಿಲು ತೆಗೀರಿ, ಇಳೀಬೇಕು."

ಕಂಡಕ್ಟರ್ ಟಿಕೆಟ್ ಯಂತ್ರದಿಂದ ಕಣ್ಣೆತ್ತದೆ, "ಇಲ್ಲಿ ಸ್ಟಾಪಿಲ್ಲ ಸಾರ್" ಅಂದರು.

"ನನ್ನ ಸೈಕಲ್ ಅಲ್ಲಿ ಹೋಗ್ತಿದೆ."

ಈಗ ನೋಡಿದರು. "ಸೈಕಲ್ ಆ ಕಡೆ ಹೋಗ್ತಿದ್ರೆ ನೀವ್ಯಾಕೆ ಈ ಕಡೆ ಬರ್ತಿದೀರಿ?"

"ಬೇರೆಯವರು ಓಡಿಸ್ತಿದಾರೆ."

"ಹಂಗಾದ್ರೆ ಬರತ್ತೆ ಬಿಡಿ" ಎಂದರು. ಹಿಂದಿನ ಸೀಟಿನ ಇಬ್ಬರು ಹುಡುಗಿಯರು ನಕ್ಕರು. ಬಾಗಿಲು ತೆರೆಯಲಿಲ್ಲ. ಕಿಟಕಿಗೆ ಮುಖ ಒತ್ತಿ ನೋಡಿದೆ. ನನ್ನ ಸೈಕಲ್ ಒಂದು ಅಪಾರ್ಟ್‌ಮೆಂಟಿನ ಗೇಟಿನೊಳಗೆ ತಿರುಗಿತು. ಕಾವಲುಗಾರ ಕೈಯೆತ್ತಿ ಒಳಗೆ ಬಿಟ್ಟ. ಹೊಸಬರನ್ನು ಯಾರೂ ಹಾಗೆ ಬಿಡುವುದಿಲ್ಲ.

ಮರದ ಕೆಳಗೆ ನಿಂತು ಕಾದೆ. ಗಾಡಿಯ ಮುಂದೆ ಬಟ್ಟೆ ತಂದ ಒಬ್ಬ ಆಂಟಿಯೂ ಕಾಯುತ್ತಿದ್ದರು, ತೋಳಿನ ಮೇಲೆ ಐದಾರು ಸೀರೆ. ಹತ್ತು ನಿಮಿಷಕ್ಕೆ ಇಸ್ತ್ರಿಯವರು ಬಂದರು. ನನ್ನನ್ನು ನೋಡಿ ಗಾಬರಿಯಾಗಲಿಲ್ಲ. ಅದು ನನ್ನನ್ನು ಇನ್ನಷ್ಟು ಕೆರಳಿಸಿತು.

"ಏನ್ ಸಾರ್, ಇವತ್ತು ಬೇಗ?"

"ಕೀ ಎಲ್ಲಿಂದ ಬಂತು ನಿಮಗೆ?"

ಸೈಕಲ್ ನಿಲ್ಲಿಸಿ, ಸೀಟಿನ ಕೆಳಗಿನ ತಿರುಪು ಸಡಿಲಿಸಿ, ಸೀಟನ್ನು ಮೇಲೆತ್ತಿ ಬಿಗಿ ಮಾಡುತ್ತಲೇ ಉತ್ತರಿಸಿದರು. "ನೀವೇ ಕೊಟ್ರಲ್ಲ ಸಾರ್."

"ನಾನು ಕೊಟ್ಟಿಲ್ಲ."

"ಹೋದ ಮಳೆಗಾಲದಲ್ಲಿ. ಮಳೆ ಬರ್ತಿತ್ತು. ಗೊಂಚಲಿಂದ ಬಿಡಿಸಿ ಕೊಟ್ರಿ, ಉಗುರು ಮುರೀತು ಅಂತ ಬೈಕೊಂಡ್ರಿ. ಹಗಲೆಲ್ಲ ಸುಮ್ನೆ ನಿಂತಿರತ್ತೆ, ತಗೊಂಡೋಗಿ ಅಂದ್ರಿ. ಅಷ್ಟರಲ್ಲಿ ಬಸ್ ಬಂತು, ಓಡಿದ್ರಿ."

ಸುಳ್ಳು ಹೇಳುವವರೇ ವಿವರ ಹೆಚ್ಚು ಕೊಡುವುದು. ಉಗುರು, ಮಳೆ, ಬಸ್ಸು. ಬಸ್ಸು ಸಮಯಕ್ಕೆ ಸರಿಯಾಗಿ ಬಂತು ಎನ್ನುವುದೇ ಅನುಮಾನಕ್ಕೆ ಸಾಕಾಗಿತ್ತು.

"ಮಳೆಗಾಲದಿಂದ ಓಡಿಸ್ತಿದ್ರೆ ಸೀಟು ಈಗ್ಯಾಕೆ ಇಳೀತಿದೆ?"

"ಮೊದ್ಲು ಇಳಿಸ್ತಿರ್ಲಿಲ್ಲ. ಈಗ ಮಂಡಿ ನೋವು, ಕಾಲಿಗೆ ನೆಲ ಸಿಗ್ಬೇಕು. ಆಮೇಲೆ ಎತ್ತಿಡ್ತೀನಿ. ಅಂದಾಜಿನ ಮೇಲೆ."

ಎಲ್ಲದಕ್ಕೂ ಉತ್ತರವಿತ್ತು. ಎಲ್ಲ ಉತ್ತರಗಳೂ ಕೂಡುತ್ತಿದ್ದವು. ಆಗ ನಾನು ಹೇಳಬಾರದ ಮಾತು ಹೇಳಿದೆ.

"ನನ್ನ ಶರ್ಟಿನ ಜೇಬಲ್ಲಿ ಸಿಕ್ಕಿದ್ದನ್ನ ಇಟ್ಕೊಂಡಿದೀರಿ ನೀವು."

ಅವರ ಕೈ ತಿರುಪಿನ ಮೇಲೆ ನಿಂತಿತು. ಮಾತಾಡಿದ್ದು ಆಂಟಿ. "ನಾಳೆ ಕೊಡ್ತೀನಪ್ಪಾ, ಇವತ್ತೇನು ಅರ್ಜೆಂಟಿಲ್ಲ" ಅಂದರು. ಹೊರಡುವ ಮುಂಚೆ ಆಗಲೇ ಗಾಡಿಯ ಮೇಲೆ ಇಟ್ಟಿದ್ದ ಒಂದು ಪ್ಯಾಂಟನ್ನೂ ಎತ್ತಿಕೊಂಡರು. ಅದರ ಜೇಬುಗಳನ್ನು ಒತ್ತಿ ನೋಡುತ್ತಾ ಹೋದರು.

ಇಸ್ತ್ರಿಯವರು ಬೀಗದಿಂದ ಕೀ ತೆಗೆದು ನನ್ನ ಅಂಗೈಯಲ್ಲಿಟ್ಟರು. ಆಮೇಲೆ ಬಿಸ್ಕತ್ತಿನ ಡಬ್ಬಿ ತೆಗೆದು ನನ್ನ ಎರಡು ಬಸ್ ಟಿಕೆಟ್‌ಗಳನ್ನೂ ಕೊಟ್ಟರು. "ಇದೂ ನಿಮ್ದೇ. ಬುಧವಾರದ ಶರ್ಟಲ್ಲಿತ್ತು."

ಗೆದ್ದವನು ಸೈಕಲ್ ಹತ್ತಿ ಮನೆಗೆ ಹೋಗಬೇಕು. ನಾನು ತಳ್ಳಿಕೊಂಡು ಹೋದೆ.

ಮಧ್ಯಾಹ್ನ ಮನೆಯಲ್ಲಿ ಯಾರೂ ಇರಲಿಲ್ಲ. ಆ ಮಳೆಯ ದಿನವನ್ನು ನೆನಪಿಸಿಕೊಳ್ಳಲು ಕೂತೆ. ಏನೂ ಬರಲಿಲ್ಲ. ಅದಕ್ಕಿಂತ ಕೆಟ್ಟದ್ದೆಂದರೆ, ಸ್ವಲ್ಪ ಹೊತ್ತಿಗೆ ಎಲ್ಲವೂ ಬರತೊಡಗಿತು: ಮಳೆ, ಉಗುರು, ಓಟ. ಅವರು ಹೇಳಿದ್ದಕ್ಕೆ ನನ್ನ ತಲೆ ಚಿತ್ರ ಬರೆದು ತೋರಿಸುತ್ತಿತ್ತು, ಅದಕ್ಕೆ ಬೆಲೆಯಿಲ್ಲ. ಕೀಯನ್ನು ಮೇಜಿನ ಮೇಲಿಟ್ಟು ನೋಡುತ್ತಿದ್ದಾಗ ಪಕ್ಕದಲ್ಲಿ ನನ್ನ ನೋಟ್‌ಬುಕ್ಕು ಕಂಡಿತು. ಇದು ಈ ವರ್ಷದ್ದು. ಹೋದ ವರ್ಷದ್ದು ಕಪಾಟಿನ ಕೆಳಗಿನ ಖಾನೆಯಲ್ಲಿ. ಬಸ್ಸಿಗೆ ಕಾದ ಲೆಕ್ಕದ ಪುಸ್ತಕದಲ್ಲಿ ಬೇರೇನಿರುತ್ತದೆ ಎಂದು ಅಲ್ಲಿಯವರೆಗೆ ನನಗೆ ಹೊಳೆದೇ ಇರಲಿಲ್ಲ.

ನೆಲದ ಮೇಲೆ ಕೂತು ಮಳೆಗಾಲದ ಪುಟಗಳನ್ನು ತಿರುವಿದೆ. ಒಂದು ಪುಟ ನೀರು ಬಿದ್ದು ಉಬ್ಬಿತ್ತು. ನನ್ನದೇ ಅಕ್ಷರ, ನನ್ನದೇ ಕೆಂಪು ಶಾಯಿ, ಅಲ್ಲಲ್ಲಿ ಹರಡಿಕೊಂಡಿತ್ತು:

"ಮಳೆ. ಐವತ್ತು ನಿಮಿಷ. ಇಸ್ತ್ರಿಯವರು ಗಂಟು ತಲೆಯ ಮೇಲೆ ಹೊತ್ತು ನಡೆದೇ ಹೋದರು, ಪೂರಾ ನೆನೆದರು. ವಾಪಸ್ಸು ಬಂದ ಮೇಲೆ ಎರಡನೇ ಕೀ ಅವರಿಗೆ ಕೊಟ್ಟೆ."

ಮೂರು ಸಲ ಓದಿದೆ. ಬೇರೆ ಯಾರಾದರೂ ಬರೆದಿರಬಹುದೇ ಎಂದು ಅಕ್ಷರಗಳನ್ನು ಬೇರೆ ಪುಟದ ಅಕ್ಷರಗಳ ಜೊತೆ ಹೋಲಿಸಿದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಹೋಲಿಸಿದ್ದು ನಿಜ. ಅಷ್ಟಾದರೂ ಆ ಕೊಟ್ಟ ಕ್ಷಣ ನನಗೆ ನೆನಪಾಗಲಿಲ್ಲ. ಇವತ್ತಿಗೂ ಆಗಿಲ್ಲ. ಒಂದು ಒಳ್ಳೆಯ ಕೆಲಸ ಮಾಡಿದವನು ನನ್ನ ಅಕ್ಷರದಲ್ಲಿ ಬರೆದಿಟ್ಟು ಹೋಗಿದ್ದಾನೆ, ಅವನ ಪರಿಚಯ ನನಗಿಲ್ಲ.

ಸಂಜೆ ಹೆಂಡತಿಗೆ ಆ ಪುಟ ತೋರಿಸಿದೆ. ಅವಳು ನಗಲಿಲ್ಲ. ನಗುತ್ತಾಳೆಂದು ಕಾದಿದ್ದೆ. ಪುಟ ಓದಿ, ನನ್ನ ಮುಖ ನೋಡಿ, "ಒಂದ್ಸಲ ಡಾಕ್ಟ್ರಿಗೆ ತೋರಿಸೋಣ್ವಾ?" ಅಂದಳು. ಆಮೇಲೆ, "ಅದಕ್ಕೆ ಮೊದ್ಲು ಅವರ ಹತ್ರ ಹೋಗಿ ಬನ್ನಿ."

ಮರುದಿನ ಎಂಟೂವರೆಗೇ ಹೋದೆ. ಇಸ್ತ್ರಿಯವರು ಪೆಟ್ಟಿಗೆಗೆ ಇದ್ದಿಲು ತುಂಬಿ ರಟ್ಟಿನಿಂದ ಗಾಳಿ ಹಾಕುತ್ತಿದ್ದರು.

"ನೀವು ಹೇಳಿದ್ದೇ ಸರಿ ಅಣ್ಣ. ನಾನೇ ಕೊಟ್ಟಿದ್ದೆ. ಬರೆದಿಟ್ಟಿದ್ದೆ, ಮರೆತಿದ್ದೆ" ಎಂದು ಕೀ ಮುಂದೆ ಹಿಡಿದೆ.

ತೆಗೆದುಕೊಳ್ಳಲಿಲ್ಲ. "ಇರ್ಲಿ ಸಾರ್. ನಡ್ಕೊಂಡು ಹೋಗ್ತೀನಿ."

"ಮಂಡಿ ನೋವಿದೆಯಲ್ಲ."

"ಮಂಡಿ ನೋವು ಹೋಗತ್ತೆ." ಗಾಳಿ ಹಾಕುವುದನ್ನು ನಿಲ್ಲಿಸಲಿಲ್ಲ. "ನೆನ್ನೆ ಆ ಮೇಡಂ ಬಟ್ಟೆ ತಗೊಂಡ್ ಹೋದ್ರಲ್ಲ. ಎಂಟು ವರ್ಷದಿಂದ ಕೊಡೋರು. ಜೇಬು ಒತ್ತಿ ನೋಡ್ಕೊಂಡ್ ಹೋದ್ರು."

"ಅವರಿಗೆ ನಾನೇ ಹೇಳ್ತೀನಿ."

"ಯಾವ ಮನೆ ಗೊತ್ತಾ ನಿಮಗೆ?"

ಗೊತ್ತಿರಲಿಲ್ಲ. ಅವರೇ ಹೇಳಿದರು: ಎದುರು ರಸ್ತೆ, ಮೂರನೇ ಗೇಟು, ಮೇಲಿನ ಮನೆ. ಹೋಗಿ ಬೆಲ್ ಮಾಡಿದೆ. ಆಂಟಿ ಜಾಲರಿ ಬಾಗಿಲು ತೆಗೆಯದೆಯೇ ಪೂರ್ತಿ ಕೇಳಿಸಿಕೊಂಡರು. "ಒಹೋ, ಮರೆವಾ" ಅಂದರು. ನನ್ನನ್ನು ನಂಬಿದರೋ, ಇಸ್ತ್ರಿಯವರೇ ಹೇಳಿಕೊಟ್ಟು ನನ್ನನ್ನು ಕಳಿಸಿದ್ದಾರೆ ಅಂದುಕೊಂಡರೋ, ಜಾಲರಿಯ ಹಿಂದಿನ ಮುಖದಲ್ಲಿ ಕಾಣಲಿಲ್ಲ.

ವಾಪಸ್ಸು ಬಂದಾಗ ಇಸ್ತ್ರಿಯವರು ಒಂದು ಶರ್ಟು ಮುಗಿಸಿದ್ದರು. ಅದರೊಳಗೆ ಮಡಚಿಡುವ ಹಳೆಯ ಪತ್ರಿಕೆಯ ಒಂದು ಹಾಳೆಯನ್ನು, ಅಂಚಿನ ಬಿಳಿ ಜಾಗ ಮೇಲೆ ಬರುವಂತೆ, ನನ್ನ ಮುಂದಿಟ್ಟರು.

"ಬರೆದು ಕೊಡಿ ಸಾರ್."

"ಏನಂತ?"

"ಕೀ ನೀವೇ ಕೊಟ್ಟಿದ್ದು ಅಂತ. ನಿಮ್ಮ ಪುಸ್ತಕ ನಿಮ್ಮನೇಲಿರತ್ತೆ. ನನಗೊಂದು ಬೇಕು. ಇನ್ನೊಂದ್ ಮಳೆಗಾಲ ಬರತ್ತೆ, ನೀವು ಮತ್ತೆ ಮರೀತೀರಿ."

ಮೂವತ್ತು ವರ್ಷದಿಂದ ಬೇರೆಯವರ ಮಾತನ್ನು ಅನುಮಾನಿಸಿ ಬದುಕಿದ್ದೇನೆ. ನನ್ನ ಮಾತಿಗೆ ಯಾರಾದರೂ ಲಿಖಿತ ಸಾಕ್ಷಿ ಕೇಳಿದ್ದು ಅದೇ ಮೊದಲು. ಬರೆದೆ. ಸಹಿ ಹಾಕಿದೆ. ಅವರು ಅದನ್ನು ಅಕ್ಷರ ಅಕ್ಷರ ಕೂಡಿಸಿ ಓದಿದರು. "ತಾರೀಕು" ಅಂದರು. ತಾರೀಕನ್ನೂ ಬರೆದೆ. ಅಂಚನ್ನು ಹರಿದು, ಅದರ ಮೇಲೊಮ್ಮೆ ಇಸ್ತ್ರಿ ಪೆಟ್ಟಿಗೆ ಎಳೆದು, ನಾಲ್ಕು ಮಡಿಕೆ ಮಾಡಿ ಡಬ್ಬಿಗೆ ಹಾಕಿದರು. ಕೀಯನ್ನೂ ಡಬ್ಬಿಗೇ ಹಾಕಿದರು. ಬಳಸುತ್ತೇನೆಂದು ಮಾತ್ರ ಹೇಳಲಿಲ್ಲ.

ಸೀಟಿನ ಕಂಬದ ಕೆಂಪು ಗೆರೆ ತೋರಿಸಿ, "ಇದು ನನ್ನ ಅಳತೆ" ಎಂದೆ. ಯಾಕೆ ಎಳೆದಿದ್ದೆನೆಂದು ಅವರು ಕೇಳಲಿಲ್ಲ, ಅವರಿಗೆ ಗೊತ್ತಾಗಿತ್ತು. "ಬಸ್ ಬಂತು ನೋಡಿ" ಅಂದರು. ಆ ದಿನ ನಿಜವಾಗಿಯೂ ಬಂದಿತ್ತು.

ಮುಂದಿನ ಹತ್ತು ಹನ್ನೆರಡು ದಿನ ಸಂಜೆ ಇಳಿದ ಕೂಡಲೇ ಮೊದಲು ಆ ಗೆರೆ ನೋಡುತ್ತಿದ್ದೆ. ಮೊದಲು ಸೀಟು ಇಳಿಸಿದವರನ್ನು ಹಿಡಿಯಲು ನೋಡುತ್ತಿದ್ದವನು, ಈಗ ಸೀಟು ಇಳಿದಿರಲಿ ಎಂದು ನೋಡುತ್ತಿದ್ದೆ. ದಿನವೂ ಗೆರೆ ಸ್ಪಷ್ಟವಾಗಿ ಕಾಣುತ್ತಿತ್ತು. ಅವರು ಸೈಕಲ್ ಮುಟ್ಟಿಲ್ಲವೋ, ಅಥವಾ ಅಳತೆ ಗೊತ್ತಾದ ಮೇಲೆ ಸರಿಯಾಗಿ ಅಲ್ಲಿಗೇ ಎತ್ತಿಡುತ್ತಿದ್ದಾರೋ? ಕೇಳುವ ಹಕ್ಕು ನನಗೆ ಉಳಿದಿರಲಿಲ್ಲ. ಆಂಟಿಯ ಸೀರೆಗಳು ಗಾಡಿಯ ಮೇಲೆ ಮತ್ತೆ ಕಂಡವೋ ಎಂದರೆ, ಸೀರೆ ನೋಡಿ ಯಾರದೆಂದು ಗುರುತಿಸುವಷ್ಟು ನನಗೆ ಗೊತ್ತಿಲ್ಲ.

ಒಂದು ಸಂಜೆ ಚೀಲ ಇಡಲು ಕ್ಯಾರಿಯರಿನ ಮೇಲೆ ಕೈಯಿಟ್ಟೆ. ಕಬ್ಬಿಣ ಬೆಚ್ಚಗಿತ್ತು. ಆಗ ತಾನೆ ಇಸ್ತ್ರಿಯಾದ ಬಟ್ಟೆಯ ಗಂಟು ಸ್ವಲ್ಪ ಹೊತ್ತಿನ ಮುಂಚೆ ಅಲ್ಲಿ ಕೂತಿದ್ದರೆ ಎಷ್ಟು ಬೆಚ್ಚಗಿರಬೇಕೋ ಅಷ್ಟು. ತಿರುಗಿ ನೋಡಿದೆ. ಇಸ್ತ್ರಿಯವರು ಒಂದು ಜೇಬಿಗೆ ಎರಡು ಬೆರಳು ಹಾಕಿ ನೋಡುತ್ತಿದ್ದರು, ನನ್ನ ಕಡೆ ಬೆನ್ನು.

ಬಿಸಿಲಿಗೂ ಕಾದಿರಬಹುದು ಎಂದುಕೊಂಡೆ. ಆದರೆ ಅವತ್ತು ಬೆಳಗಿನಿಂದ ಮೋಡ ಮುಚ್ಚಿತ್ತು. ಮುಚ್ಚಿತ್ತೆಂದು ನನ್ನ ನೆನಪು. ಪುಸ್ತಕದಲ್ಲಿ ಆ ದಿನದ ಎದುರು ಬರೆದಿರುವುದು ಇಪ್ಪತ್ತೆರಡು ನಿಮಿಷ ಎಂದಷ್ಟೇ.